ಎಷ್ಟೋ ಅಷ್ಟು

ಇರ್ವಿಂಗ್, ಟೆಕ್ಸಾಸ್
13 ಅಕ್ಟೋಬರ್ 2024, ಭಾನುವಾರ

ತೀರ್ಥರೂಪು ತಂದೆಯವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ಇತ್ತ ನಾವೆಲ್ಲರೂ ಕ್ಷೇಮ. ಅತ್ತ ನಿಮ್ಮೆಲ್ಲರ ಕ್ಷೇಮ ಸಮಾಚಾರಕ್ಕೆ ಆಗಾಗ ಬರೆಯುತ್ತಿರಬೇಕು.

ಸರಿ ಇದೆಯೇನಪ್ಪ? ಹೈಸ್ಕೂಲಲ್ಲಿ ಪತ್ರಲೇಖನ ಅಂದ್ರೆ ಹೀಗೇ ಶುರು ಮಾಡಿಸ್ತಿದ್ರು. ಇಲ್ಲಿಂದ ಮುಂದಕ್ಕೆ ‘ನೀನು’ ಅಂತಲೇ ಬರೀತೀನಿ. ಬಹುವಚನ ಹಾಕಿದ್ರೆ ತಹಸೀಲ್ದಾರರಿಗೆ ಅರ್ಜಿ ಬರೆದ ಹಾಗಿರುತ್ತೆ.

ಹೋದ ಭಾನುವಾರ ಫೋನಲ್ಲಿ ನೀನು ಕೇಳಿದೆ, “ನಲವತ್ತೆರಡು ವರ್ಷಕ್ಕೆ ಎಬಿಸಿಡಿ ಲೆಕ್ಕ ಯಾಕಮ್ಮ? ಅದಕ್ಕೆ ದುಡ್ಡು ಬೇರೆ ಕಟ್ಟಿದೀಯ?” ಅಂತ. ಹಿಂದೆ ಅಣ್ಣ ನಕ್ಕಿದ್ದು ಕೇಳಿಸ್ತು. ನಾನು ನೆಟ್‌ವರ್ಕ್ ಸರಿ ಇಲ್ಲ ಅಂತ ಇಟ್ಟುಬಿಟ್ಟೆ. ನೆಟ್‌ವರ್ಕ್ ಚೆನ್ನಾಗೇ ಇತ್ತು. ನಿನಗೆ ಸರಿಯಾಗಿ ಉತ್ತರ ಹೇಳಬೇಕು ಅಂದ್ರೆ ಅರ್ಧ ಗಂಟೆಯಾದ್ರೂ ಬೇಕು, ನೀನು ನೋಡಿದ್ರೆ ಎರಡು ನಿಮಿಷಕ್ಕೆ “ಇರು, ಅಮ್ಮಂಗೆ ಕೊಡ್ತೀನಿ” ಅಂತೀಯ. ಕಾಗದ ಆದ್ರೆ ಕೂತು ಕೇಳಲೇಬೇಕು. ಕನ್ನಡಕ ಹುಡುಕ್ತಾ ಕೂರಬೇಡ, ಅಣ್ಣನ ಮಗನ ಕೈಲಿ ಓದಿಸ್ಕೋ. ಮಧ್ಯದಲ್ಲಿ ಒಂದು ಕಡೆ ಮಾತ್ರ ಅವನ ಕೈಗೆ ಕೊಡಬೇಡ, ಆ ಜಾಗ ಬಂದಾಗ ಹೇಳ್ತೀನಿ.

ಮೊನ್ನೆ ಶುಕ್ರವಾರ ಇಲ್ಲೂ ಆಯುಧಪೂಜೆ ಮಾಡಿದ್ವಿ. ಅಲ್ಲಿ ನಮ್ಮ ಫಿಲೇಚರಲ್ಲಿ, ರೇಷ್ಮೆ ನೂಲು ಬಿಚ್ಚೋ ಬೇಸಿನ್ನಿಗೆ, ಬಾಯ್ಲರಿಗೆ ಕುಂಬಳಕಾಯಿ ಒಡೆದಿರ್ತೀರಿ. ಇಲ್ಲಿ ಇವರು ಕಾರಿನ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಹತ್ತಿಸಿದ್ರು, ನಾನು ಕ್ಯಾಲ್ಕುಲೇಟರಿಗೆ ಅರಿಶಿನ ಕುಂಕುಮ ಇಟ್ಟೆ. ಅಂಗಡಿಯಲ್ಲಿ ಇರೋ ಅಂಥದ್ದಲ್ಲ ಇದು. ಅಂಗೈಗಿಂತ ದೊಡ್ಡದು, ಸಮೀಕರಣ ಕೊಟ್ರೆ ನಕ್ಷೆ ಬರೆದು ತೋರಿಸುತ್ತೆ, ಇದೇ ಡಲ್ಲಾಸ್‌ನ ಕಂಪನಿ ಮಾಡಿದ್ದು. ಹೊಸದಕ್ಕೆ ನೂರು ಡಾಲರ್ ಮೇಲಾಗುತ್ತೆ ಅಂತ ಕಾಲೇಜಿನ ಲೈಬ್ರರಿಯಿಂದ ಆರು ತಿಂಗಳಿಗೆ ತಂದಿದ್ದೀನಿ. ಈಗ ‘ಎಂಟರ್’ ಗುಂಡಿಯ ಸಂದಿಯಲ್ಲಿ ಕುಂಕುಮ ಕೂತುಬಿಟ್ಟಿದೆ. ಹಳೇ ಹಲ್ಲುಜ್ಜೋ ಬ್ರಷ್ಷಲ್ಲಿ ಉಜ್ಜಿದ್ದಾಯ್ತು, ಹತ್ತಿಗೆ ಸ್ಪಿರಿಟ್ ಹಾಕಿ ಒರೆಸಿದ್ದಾಯ್ತು, ಕೆಂಪು ಹೋಗ್ತಿಲ್ಲ. ಡಿಸೆಂಬರಿನಲ್ಲಿ ವಾಪಸ್ ಕೊಡುವಾಗ ಏನು ಹೇಳಬೇಕೋ ಗೊತ್ತಿಲ್ಲ.

ಈಗ ನಿನ್ನ ಪ್ರಶ್ನೆಗೆ ಬರ್ತೀನಿ. ಎಕ್ಸ್-ರೇ ತೆಗೆಯೋ ಕೆಲಸದ ಕೋರ್ಸಿಗೆ ಸೇರಬೇಕು ಅಂತಿದ್ದೀನಿ, ಅದು ನಿಂಗೆ ಗೊತ್ತು. ಅದಕ್ಕೆ ಅರ್ಜಿ ಹಾಕೋ ಮುಂಚೆ ಕೆಲವು ವಿಷಯ ಪಾಸು ಮಾಡಿಕೊಂಡಿರಬೇಕು, ಅದರಲ್ಲಿ ಒಂದು ‘ಕಾಲೇಜ್ ಆಲ್ಜಿಬ್ರ’. ಎಕ್ಸ್-ರೇಗೂ ಬೀಜಗಣಿತಕ್ಕೂ ಏನು ನಂಟು ಅಂತ ನಾನೂ ಕೇಳಿದ್ದೆ. ಅಮ್ಮನ ಮಂಡಿಗೆ ಚಿಂತಾಮಣಿಯಲ್ಲಿ ಎಕ್ಸ್-ರೇ ತೆಗೆಸಿದಾಗ ಆ ಹುಡುಗ ಗುಂಡಿ ಒತ್ತೋ ಮುಂಚೆ ಗೋಡೆ ಹಿಂದಕ್ಕೆ ಓಡಿದ್ನಲ್ಲ, ಅಮ್ಮ ಅದನ್ನ ಊರೆಲ್ಲ ಹೇಳ್ಕೊಂಡು ನಕ್ಕಿದ್ಳಲ್ಲ, ಅದೇ ಲೆಕ್ಕ. ಕಿರಣದ ಬಲ ದೂರದ ವರ್ಗಕ್ಕೆ ತಕ್ಕ ಹಾಗೆ ಇಳಿಯುತ್ತೆ. ಒಂದು ಮೀಟರಿನಲ್ಲಿ ಇದ್ದಷ್ಟು ಎರಡು ಮೀಟರಿಗೆ ಹೋದ್ರೆ ಅರ್ಧ ಅಂದ್ಕೋತೀವಿ, ಇರೋದು ಕಾಲು ಭಾಗ. ಮೂರು ಮೀಟರಿಗೆ ಒಂಬತ್ತರಲ್ಲಿ ಒಂದು ಭಾಗ. ಅಂದ್ರೆ ಆ ಹುಡುಗ ಹೆದರಿ ಓಡಿದ್ದಲ್ಲ, ಲೆಕ್ಕ ಬರ್ತಿತ್ತು ಅಷ್ಟೇ. ಮೇಲೆ ಗೋಡೆ ಬೇರೆ. ಕಿರಣ ಹೊರಡೋ ಜಾಗಕ್ಕೂ ಫಿಲ್ಮಿಗೂ ಎಷ್ಟು ದೂರ, ದೂರ ಹೆಚ್ಚಾದ್ರೆ ಕಿರಣ ಎಷ್ಟು ಹೆಚ್ಚಿಸಬೇಕು, ಎಲ್ಲ ಇದರ ಮೇಲೇ ನಿಂತಿದೆಯಂತೆ.

ದುಡ್ಡಿನ ವಿಷಯ ಕೇಳಿದೆಯಲ್ಲ. ಇದು ದೊಡ್ಡ ಯೂನಿವರ್ಸಿಟಿ ಅಲ್ಲ, ಕಮ್ಯುನಿಟಿ ಕಾಲೇಜು. ಕೌಂಟಿಯೊಳಗೆ ಇರೋರಿಗೆ ಒಂದು ಕ್ರೆಡಿಟ್ಟಿಗೆ ನೂರು ಡಾಲರಿಗಿಂತ ಕಮ್ಮಿ. ನನ್ನ ಕ್ಲಾಸಿನ ನಂಬರ್ 1314. ಟೆಕ್ಸಾಸ್‌ನ ಯಾವ ಕಮ್ಯುನಿಟಿ ಕಾಲೇಜಿಗೆ ಹೋದ್ರೂ ಈ ವಿಷಯಕ್ಕೆ ಇದೇ ನಂಬರ್. ಮೊದಲನೇ ಅಂಕಿ ಒಂದು ಅಂದ್ರೆ ಮೊದಲನೇ ವರ್ಷ, ಎರಡನೇ ಅಂಕಿ ಮೂರು ಅಂದ್ರೆ ಮೂರು ಕ್ರೆಡಿಟ್. ನಮ್ಮ ಸರ್ವೆ ನಂಬರ್ ಹಾಗೆ. ಪುಸ್ತಕಕ್ಕೆ ಒಂದು ಕಾಸೂ ಇಲ್ಲ, ಹೂಸ್ಟನ್‌ನ ರೈಸ್ ವಿಶ್ವವಿದ್ಯಾಲಯದವರು ಪುಕ್ಕಟೆ ಕೊಡೋ ಪುಸ್ತಕವನ್ನೇ ನಮ್ಮ ಮೇಡಂ ಪಾಠಕ್ಕೆ ಇಟ್ಟಿದ್ದಾರೆ.

ಸೇರೋ ಮುಂಚೆ ಒಂದು ಪರೀಕ್ಷೆ ಇತ್ತು. ಇಂಗ್ಲಿಷಿನಲ್ಲಿ ದಾಟಿದೆ, ಲೆಕ್ಕದಲ್ಲಿ ದಾಟಲಿಲ್ಲ. ಮುಂಚೆಲ್ಲ ಇಂಥೋರನ್ನ ಕೆಳಗಿನ ಕ್ಲಾಸಿಗೆ ಹಾಕಿ, ಒಂದೆರಡು ಸೆಮಿಸ್ಟರ್ ಅಲ್ಲೇ ಕೂರಿಸ್ತಿದ್ರಂತೆ. ಆ ಕ್ಲಾಸಿಗೆ ದುಡ್ಡು ಕಟ್ಟಬೇಕು, ಡಿಗ್ರಿಗೆ ಮಾತ್ರ ಅದು ಲೆಕ್ಕಕ್ಕಿಲ್ಲ. ಎಷ್ಟೋ ಜನ ಅಲ್ಲೇ ಬಿಟ್ಟು ಹೋಗ್ತಿದ್ರು. 2017ರಲ್ಲಿ ಇಲ್ಲಿನ ಶಾಸನಸಭೆ ಕಾಯ್ದೆ ಮಾಡಿ, ಅಸಲಿ ಕ್ಲಾಸಿಗೇ ಸೇರಿಸ್ಕೊಳ್ಳಿ, ಜೊತೆಗೆ ಆಸರೆಗೆ ಇನ್ನೊಂದು ಕ್ಲಾಸು ಕೊಡಿ ಅಂತು. ಹಾಗಾಗಿ ನನಗೆ ಮಂಗಳವಾರ, ಗುರುವಾರ ಸಂಜೆ ಎರಡೆರಡು ಕ್ಲಾಸು, ಒಂದಾದ ಮೇಲೊಂದು. ಮೊದಲನೇದರಲ್ಲಿ ಬೀಳೋದು, ಎರಡನೇದರಲ್ಲಿ ಏಳೋದು.

ಕ್ಲಾಸಲ್ಲಿ ಇಪ್ಪತ್ತೆಂಟು ಜನ. ಅರ್ಧ ಜನ ನಮ್ಮ ಹುಡುಗನ ವಯಸ್ಸಿನೋರು, ಟೋಪಿ ಹಾಕ್ಕೊಂಡೇ ಕೂರ್ತಾರೆ, ಮೇಡಮ್ಮನ್ನ ಹೆಸರು ಹಿಡಿದು ಕರೀತಾರೆ. ನನ್ನ ಬಾಯಲ್ಲಿ ಇನ್ನೂ ಬಂದಿಲ್ಲ ಅದು, ‘ಮೇಡಂ’ ಅಂತಲೇ ಅಂತೀನಿ. ಮಿಕ್ಕೋರು ನನ್ನಂಥೋರು. ಲಾರಿ ಓಡಿಸೋ ಒಬ್ಬ ಅಜ್ಜ ಇದಾನೆ, ಹೋಟೆಲಲ್ಲಿ ರೂಮು ಗುಡಿಸೋ ಕೆಲಸ ಮುಗಿಸಿ ಯೂನಿಫಾರ್ಮಲ್ಲೇ ಬರೋ ಮೆಕ್ಸಿಕೋದ ಹೆಂಗಸು ಇದಾಳೆ. ನಾವು ಮೂವರೂ ಹಿಂದಿನ ಬೆಂಚು. ಅಜ್ಜನ ಡಬ್ಬೀಲಿ ಯಾವಾಗಲೂ ಉಪ್ಪು ಹಾಕಿದ ಕಡಲೆಕಾಯಿ ಇರುತ್ತೆ, ನಾನು ಚಕ್ಕುಲಿ ತಗೊಂಡು ಹೋಗ್ತೀನಿ.

ಮೊದಲನೇ ಟೆಸ್ಟಲ್ಲಿ ನನಗೆ ನೂರಕ್ಕೆ ಐವತ್ತನಾಲ್ಕು ಬಂತು. ಮನೇಲಿ ಮಗಳಿಗೆ ಹೇಳಿದ್ರೆ, ಅವಳು ಎಂಟನೇ ಕ್ಲಾಸಲ್ಲಿ ಆಗಲೇ ಆಲ್ಜಿಬ್ರ ಮಾಡ್ತಿದ್ದಾಳೆ ನೋಡು, ಪೇಪರ್ ಕಿತ್ಕೊಂಡು ನೋಡಿ “ಅಮ್ಮಾ, ಸ್ಕ್ವೇರನ್ನ ಒಳಗೆ ಹಂಗೆ ಹಂಚಬಾರದು” ಅಂದ್ಳು. ನಾನು ಹತ್ತು ಪ್ಲಸ್ ಎರಡು, ಎಲ್ಲಾ ಸೇರಿ ವರ್ಗ ಅಂದ್ರೆ ಹತ್ತರ ವರ್ಗ ನೂರು, ಎರಡರ ವರ್ಗ ನಾಲ್ಕು, ನೂರಾನಾಲ್ಕು ಅಂತ ಬರೆದಿದ್ದೆ. ಹನ್ನೆರಡರ ವರ್ಗ ನೂರಾನಲವತ್ತನಾಲ್ಕು ಅಂತ ಮಗ್ಗಿ ಬಾಯಿಪಾಠ ಇದೆ, ಆದ್ರೂ ಬರೆದೆ! ಎಲ್ಲಿ ಹೋಯ್ತು ನಲವತ್ತು? ಆಸರೆ ಕ್ಲಾಸಲ್ಲಿ ಮೇಡಂ ಚೌಕ ಬರೆದು ತೋರಿಸಿದಾಗ ನನಗೆ ಕಂಡಿದ್ದು ನಮ್ಮ ಹಿಪ್ಪುನೇರಳೆ ತೋಟ. ಹತ್ತು ಮಾರು ಚೌಕದ ತೋಟವನ್ನ ಎರಡು ಕಡೆಗೂ ಎರಡೆರಡು ಮಾರು ಬಿಡಿಸಿದ್ರೆ, ಮೂಲೆಯಲ್ಲಿ ಎರಡು ಮಾರಿನ ಸಣ್ಣ ಚೌಕ ಬರುತ್ತೆ ಸರಿ. ಅದರ ಜೊತೆಗೆ ಬದುವಿನ ಉದ್ದಕ್ಕೆ ಇಪ್ಪತ್ತಿಪ್ಪತ್ತರ ಎರಡು ಪಟ್ಟಿ ಬಂದೇ ಬರುತ್ತೆ. ಅದೇ ನಲವತ್ತು. ನೀನಾಗಿದ್ರೆ ಆ ಎರಡು ಪಟ್ಟಿ ಬಿಟ್ಟು ಕ್ರಯಪತ್ರಕ್ಕೆ ರುಜು ಹಾಕ್ತಿದ್ಯಾ?

ಈ ಮೇಡಂ ಹತ್ರ ಒಂದು ಗುಣ ಇದೆ. ಉತ್ತರ ತಪ್ಪಾಗಿದ್ರೆ ಉತ್ತರಕ್ಕೆ ಸುತ್ತು ಹಾಕಲ್ಲ. ಮೇಲಿಂದ ಓದ್ಕೊಂಡು ಬಂದು, ಯಾವ ಸಾಲಲ್ಲಿ ದಾರಿ ತಪ್ಪಿತೋ ಆ ಸಾಲಿಗೆ ಸುತ್ತು ಹಾಕ್ತಾರೆ. ಅದರ ಮೇಲಿನ ಸಾಲಿಗೆಲ್ಲ ಮಾರ್ಕ್ಸು ಉಂಟು. ಮನೆಗೆಲಸ ಕಂಪ್ಯೂಟರಲ್ಲಿ ಮಾಡಬೇಕು, ಅದಕ್ಕೆ ಈ ದಯೆ ಇಲ್ಲ. ಒಂದು ಸಲ ಉತ್ತರ ಸರಿ ಇತ್ತು, ಅನಂತದ ಪಕ್ಕ ದುಂಡು ಕಂಸದ ಬದಲು ಚೌಕ ಕಂಸ ಹಾಕಿದ್ದೆ ಅಂತ ಮೂರು ಸಲ ಸೊನ್ನೆ ಕೊಡ್ತು. ರಾತ್ರಿ ಹನ್ನೊಂದೂವರೆಗೆ ಲ್ಯಾಪ್‌ಟಾಪಿಗೆ ತೆಲುಗಲ್ಲಿ ಬೈದೆ, ನಮ್ಮ ಮಾರ್ಕೆಟ್ಟಿನ ತೆಲುಗು. ಮರುದಿನ ಮೇಡಂ ಹೇಳಿದ್ರು, ಚೌಕ ಕಂಸ ಅಂದ್ರೆ ಆ ಸಂಖ್ಯೆಯನ್ನೂ ಮುಟ್ಟಿದ್ದೀವಿ ಅಂತ, ಅನಂತವನ್ನ ಯಾರೂ ಮುಟ್ಟಿಲ್ಲವಲ್ಲ. ಹೌದು ಅನ್ನಿಸ್ತು, ಆದ್ರೆ ಕಂಪ್ಯೂಟರಿಗೆ ಈ ಒಂದು ಮಾತು ಹೇಳೋಕೆ ಏನಾಗಿತ್ತು?

ಅಪ್ಪ, ಇಲ್ಲಿಂದ ಒಂದು ಪುಟ ನೀನೇ ಓದ್ಕೋ. ಹುಡುಗನ್ನ ಕಾಫಿ ತರೋಕೆ ಕಳಿಸು.

ಹೈಸ್ಕೂಲಲ್ಲಿ ನಾನು ಲೆಕ್ಕದಲ್ಲಿ ದಡ್ಡಿ ಆಗಿರಲಿಲ್ಲ, ನಿಂಗೆ ನೆನಪಿದೆ. ಎಸ್ಸೆಸ್ಸೆಲ್ಸೀಲಿ ನೂರಕ್ಕೆ ಎಂಬತ್ತೊಂದು. ಮೇಷ್ಟ್ರು, “ವಿಶ್ವೇಶ್ವರಯ್ಯ ಹುಟ್ಟಿದ ಜಿಲ್ಲೆಯೋಳು ಕಣಮ್ಮ ನೀನು” ಅಂತ ಬೆನ್ನು ತಟ್ಟಿದ್ರು. ಆಗ ಮುದ್ದೇನಹಳ್ಳಿಯೂ ನಾವೂ ಎಲ್ಲ ಕೋಲಾರ ಜಿಲ್ಲೆ, ಚಿಕ್ಕಬಳ್ಳಾಪುರ ಜಿಲ್ಲೆ ಆಗಿದ್ದು 2007ರಲ್ಲಿ. ಆ ಎಂಬತ್ತೊಂದನ್ನ ನೋಡೇ ನೀನು ಪಿಯುಸಿಗೆ ಸೈನ್ಸ್ ಸೇರಿಸಿದ್ದು. ಹತ್ತು ವರ್ಷ ಕನ್ನಡದಲ್ಲಿ ಓದಿದೋಳು ಜೂನ್ ತಿಂಗಳು ಕಾಲೇಜಿಗೆ ಹೋಗಿ ಕೂತ್ರೆ ಎಲ್ಲ ಇಂಗ್ಲಿಷು. ಲೆಕ್ಚರರ್ ಬೋರ್ಡಿಗೆ ಮುಖ ಮಾಡ್ಕೊಂಡು “ಲೆಟ್ ಎಕ್ಸ್ ಬಿ” ಅಂತಿದ್ರು. ನಾನು ನೋಟ್ಸಲ್ಲಿ ‘ಲೇಟ್ ಎಕ್ಸ್’ ಅಂತ ಬರ್ಕೊಂಡೆ. ಎಕ್ಸ್ ಯಾಕೆ ಲೇಟಾಗಿ ಬರುತ್ತೆ ಅಂತ ಒಂದು ತಿಂಗಳು ಯೋಚನೆ ಮಾಡಿದೀನಿ, ನಗಬೇಡ. ಹೈಸ್ಕೂಲಲ್ಲಿ ‘ಆ ಸಂಖ್ಯೆ ಎಕ್ಸ್ ಆಗಿರಲಿ’ ಅಂತಿದ್ವಿ, ಅದೇ ಇದು ಅಂತ ಯಾರೂ ಹೇಳಲಿಲ್ಲ. ಅಪವರ್ತನ ಬರ್ತಿತ್ತು, ‘ಫ್ಯಾಕ್ಟರೈಸ್’ ಬರ್ತಿರಲಿಲ್ಲ. ಬಹುಪದೋಕ್ತಿ ಬರ್ತಿತ್ತು, ‘ಪಾಲಿನಾಮಿಯಲ್’ ಅಂದ್ರೆ ಏನೋ ಕಾಯಿಲೆ ಅನ್ನಿಸ್ತಿತ್ತು. ‘ಫಂಕ್ಷನ್’ ಅಂದ್ರೆ ನಮ್ಮ ಮನೇಲಿ ನಾಮಕರಣ, ಗೃಹಪ್ರವೇಶ. ಕೈ ಎತ್ತಿ ಕೇಳಬಹುದಿತ್ತು. ಎಂಬತ್ತು ಜನರ ಕ್ಲಾಸು, ಮುಂದೆ ಕಾನ್ವೆಂಟಿನ ಹುಡುಗೀರು. ಕೇಳಲಿಲ್ಲ.

ಎರಡನೇ ಪಿಯುಸೀಲಿ ಲೆಕ್ಕಕ್ಕೆ ಇಪ್ಪತ್ತೇಳು ಬಂತು, ಮೂವತ್ತೈದು ಬೇಕಿತ್ತು. ಇದು ನಿಂಗೆ ಗೊತ್ತು. ಗೊತ್ತಿಲ್ಲದ್ದು ಇದು: ಸಪ್ಲಿಮೆಂಟರಿ ಪರೀಕ್ಷೆಗೆ ನಾನು ಹೋಗಲೇ ಇಲ್ಲ. ನೀನು ಫೀಸು ಕಟ್ಟಿದೆ, ಬೆಳಿಗ್ಗೆ ಬಸ್ಸಿಗೆ ಅಂತ ದುಡ್ಡು ಕೊಟ್ಟೆ, ಅಮ್ಮ ಮೊಸರನ್ನ ಕಟ್ಟಿಕೊಟ್ಳು. ಚಿಂತಾಮಣೀಲಿ ಇಳಿದೆ, ಸೆಂಟರ್ ಗೇಟಿನವರೆಗೂ ಹೋದೆ. ಅಲ್ಲಿಂದ ತಿರುಗಿ ಕೈವಾರದ ಬಸ್ಸು ಹತ್ತಿದೆ. ದೇವಸ್ಥಾನದ ಕಟ್ಟೆ ಮೇಲೆ ಸಾಯಂಕಾಲದ ತನಕ ಕೂತು, ಮೊಸರನ್ನ ತಿಂದು ಮನೆಗೆ ಬಂದೆ. “ಹೆಂಗೆ ಮಾಡಿದೀಯಮ್ಮ?” ಅಂದೆ ನೀನು. “ಕಷ್ಟ ಇತ್ತು” ಅಂದೆ ನಾನು. ಆಮೇಲೆ ಫೇಲು ಅಂತ ಹೇಳಿದಾಗ ನೀನು ಒಂದು ಮಾತೂ ಬೈಲಿಲ್ಲ, ಫಿಲೇಚರಿಗೆ ಹೋಗಿ ಬಾಯ್ಲರ್ ಹತ್ರ ಕೂತೆ. ಬೈದಿದ್ರೆ ಅವತ್ತೇ ಬಾಯಿಬಿಡ್ತಿದ್ದೆ. ಇಪ್ಪತ್ತನಾಲ್ಕು ವರ್ಷ ಆಯ್ತು. ಇದನ್ನ ಫೋನಲ್ಲಿ ಹೇಳೋಕೆ ಆಗ್ತಿರಲಿಲ್ಲ, ಅದಕ್ಕೇ ಕಾಗದ. ಅಮ್ಮಂಗೆ ಹೇಳ್ತೀಯೋ ಬಿಡ್ತೀಯೋ ನಿನಗೆ ಬಿಟ್ಟಿದ್ದು.

ಹುಡುಗನ್ನ ಕರಿ, ಇನ್ನು ಅವನೇ ಓದಲಿ.

ಈ ಸಲ ನಾನು ಒಂದು ನೋಟ್‌ಬುಕ್ ಇಟ್ಟಿದ್ದೀನಿ. ಎಡಗಡೆ ಮೇಡಂ ಹೇಳೋ ಪದ, ಕನ್ನಡ ಅಕ್ಷರದಲ್ಲಿ. ಬಲಗಡೆ ಹೈಸ್ಕೂಲಿನ ಪದ. ಅದಕ್ಕೂ ಬಲಗಡೆ, ನನಗೆ ಹೊಳೆದಿದ್ದು. ಆಸರೆ ಕ್ಲಾಸಿನ ಟ್ಯೂಟರ್ ಹುಡುಗ, ಹತ್ತೊಂಬತ್ತು ವರ್ಷ, ವಿಯಟ್ನಾಂ ಕಡೆಯೋನು, ಅದನ್ನ ನೋಡಿ “ಈ ಗುಂಡಗುಂಡಗೆ ಇರೋದೂ ಗಣಿತದ ಗುರುತಾ ಮ್ಯಾಮ್?” ಅಂದ.

‘ಫಂಕ್ಷನ್’ ಪಕ್ಕ ನಾನು ಬರೆದಿರೋದು ರೇಷ್ಮೆಗೂಡಿನ ಮಾರ್ಕೆಟ್. ಹರಾಜಿಗೆ ಇಟ್ಟ ಒಂದು ರಾಶಿ ಗೂಡು ಅಂದ್ರೆ ಒಂದು ಲಾಟು, ಆ ಲಾಟಿಗೆ ಕೊನೆಗೆ ಒಂದೇ ಬೆಲೆ. ಎರಡು ಲಾಟು ಒಂದೇ ಬೆಲೆಗೆ ಹೋಗಬಹುದು, ತಪ್ಪಿಲ್ಲ. ಆದ್ರೆ ಒಂದೇ ಲಾಟು ಎರಡು ಬೆಲೆಗೆ ಹೋಗೋ ಹಾಗಿಲ್ಲ, ಹೋದ್ರೆ ಗಲಾಟೆ. ಫಂಕ್ಷನ್ನಿನ ವ್ಯಾಖ್ಯೆ ಇಷ್ಟೇ ಅಪ್ಪ, ಇದಕ್ಕಿಂತ ಒಂದು ಕೂದಲೂ ಹೆಚ್ಚಿಲ್ಲ. ಇದನ್ನೇ ಪುಸ್ತಕದಲ್ಲಿ ಅರ್ಧ ಪುಟ ಬರೆದಿದ್ದಾರೆ.

ಗುಣಿಸೋದು ಋಣಸಂಖ್ಯೆಯಿಂದ ಆದ್ರೆ ಹೆಚ್ಚು-ಕಮ್ಮಿ ಗುರುತು ಯಾಕೆ ತಿರುಗುತ್ತೆ ಅಂತ ಮೆಕ್ಸಿಕೋದಾಕೆಗೆ ಅರ್ಥ ಆಗ್ತಿರಲಿಲ್ಲ. ಐದು ಸಾವಿರ ಇರೋನು ಮೂರು ಸಾವಿರ ಇರೋನಿಗಿಂತ ಮೇಲು, ಐದು ಸಾವಿರ ಸಾಲ ಇರೋನು ಮೂರು ಸಾವಿರ ಸಾಲ ಇರೋನಿಗಿಂತ ಕೆಳಗೆ ಅಂತ ನಾನೇ ಹೇಳಿಕೊಟ್ಟೆ. ನಮ್ಮ ಪುಸ್ತಕದಲ್ಲಿ ‘ಋಣ’ ಅಂತಲೇ ಇತ್ತಲ್ಲ, ಮತ್ತೆ ವಿವರಿಸೋದೇನು ಬಂತು.

ಎಕ್ಸ್ ಪಕ್ಕದಲ್ಲಿ ಬರೆದಿರೋದು ನಿನ್ನ ಮಾತು. ಭಾಸ್ಕರಾಚಾರ್ಯ 1150ರ ಹೊತ್ತಿಗೆ ಬೀಜಗಣಿತದ ಮೇಲೇ ಒಂದು ಗ್ರಂಥ ಬರೆದಿದ್ದಾನೆ. ಅದರಲ್ಲಿ ಗೊತ್ತಿಲ್ಲದ ಸಂಖ್ಯೆಗೆ ಎಕ್ಸ್ ಇಲ್ಲ, ‘ಯಾವತ್ತಾವತ್’ ಅಂತ ಇದೆ. ಸಂಸ್ಕೃತದಲ್ಲಿ ‘ಎಷ್ಟೋ ಅಷ್ಟು’ ಅಂತ ಅರ್ಥ. ಚಿಕ್ಕದಾಗಿ ‘ಯಾ’ ಅಂತ ಬರೀತಿದ್ರು. ಎರಡನೇ ಗೊತ್ತಿಲ್ಲದ್ದು ಬಂದ್ರೆ ಬಣ್ಣದ ಹೆಸರು: ಕಪ್ಪಿಗೆ ‘ಕಾ’, ನೀಲಿಗೆ ‘ನೀ’. ಇದನ್ನ ಓದಿದ ತಕ್ಷಣ ನನಗೆ ನೆನಪಾಗಿದ್ದು ನೀನು ಬೆಳಿಗ್ಗೆ ಮಾರ್ಕೆಟ್ಟಿಗೆ ಹೊರಡೋದು. ಅಮ್ಮ “ಇವತ್ತು ಎಷ್ಟು ಉಳಿಯಬಹುದು?” ಅಂದ್ರೆ, ನೀನು ಚಪ್ಪಲಿ ಮೆಟ್ಟುತ್ತಾ “ಎಷ್ಟೋ ಅಷ್ಟು ಉಳಿಯುತ್ತೆ ಬಿಡೇ” ಅಂತಿದ್ದೆ. ಅಮ್ಮಂಗೆ ಸಿಟ್ಟು ಬರ್ತಿತ್ತು. ಆಮೇಲೆ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ನೀನು ಬರೀತಿದ್ದ ಲೆಕ್ಕದಲ್ಲಿ ಉಳಿಕೆಯ ಜಾಗ ಖಾಲಿ ಇಟ್ಟು ಒಂದು ಗೆರೆ ಎಳೀತಿದ್ದೆ. ಆ ಗೆರೆಯೇ ಎಕ್ಸ್.

ಈಗ ಅಸಲು ವಿಷಯ. ಎಲ್ಲರೂ ತಮ್ಮ ತಮ್ಮ ಕಸುಬಿನಿಂದ ಒಂದು ಫಂಕ್ಷನ್ ಹುಡುಕಿ, ನಕ್ಷೆ ಬರೆದು ನವೆಂಬರ್ 21ಕ್ಕೆ ಒಪ್ಪಿಸಬೇಕು ಅಂತ ಮೇಡಂ ಹೇಳಿದ್ರು. ಲಾರಿ ಅಜ್ಜ ವೇಗಕ್ಕೆ ತಕ್ಕ ಹಾಗೆ ಡೀಸೆಲ್ ಬರೀತಿದ್ದಾನೆ. ನಾನು ರೆಂಡಿಟ್ಟ ತಗೊಂಡೆ. ಒಂದು ಕೇಜಿ ರೇಷ್ಮೆ ನೂಲಿಗೆ ಎಷ್ಟು ಕೇಜಿ ಗೂಡು ಬೇಕು ಅನ್ನೋದಕ್ಕೆ ನಮ್ಮಲ್ಲಿ ರೆಂಡಿಟ್ಟ ಅಂತೀವಿ ಅಂತ ಅವರಿಗೆ ವಿವರಿಸೋಕೇ ಅರ್ಧ ಗಂಟೆ ಆಯ್ತು. ಗೂಡು ಕಾಯಿಯಾ, ಹಣ್ಣಾ, ಮೊಟ್ಟೆಯಾ ಅಂತ ಅಜ್ಜನ ಅನುಮಾನ.

ಕನ್ನಡ ಅಕ್ಷರದಲ್ಲೇ ಬರೆದೆ. ಗೂಡಿನ ಬೆಲೆ ‘ಗ’, ರೆಂಡಿಟ್ಟ ‘ರ’, ಒಂದು ಕೇಜಿ ನೂಲು ಬಿಚ್ಚೋಕೆ ಆಗೋ ಕೂಲಿ-ಸೌದೆ-ಕರೆಂಟು ಎಲ್ಲ ಸೇರಿ ಖರ್ಚು ‘ಖ’, ನೂಲಿನ ಬೆಲೆ ‘ನ’. ಕೈ ಕಚ್ಚಬಾರದು ಅಂದ್ರೆ,

ರ × ಗ + ಖ = ನ

ಅಂದ್ರೆ ಗ = (ನ − ಖ) ÷ ರ. ಮಾರ್ಕೆಟ್ಟಲ್ಲಿ ಇದಕ್ಕಿಂತ ಮೇಲೆ ಕೂಗಬಾರದು. ಲೆಕ್ಕಕ್ಕೆ ಅಂತ ಇಟ್ಟ ಅಂಕಿ ಇವು, ಇವತ್ತಿನ ದರ ಅಂತ ಬೈಬೇಡ: ನೂಲು ನಾಲ್ಕು ಸಾವಿರ, ಖರ್ಚು ಎಂಟುನೂರು, ಉಳಿದಿದ್ದು 3200. ರೆಂಡಿಟ್ಟ ಎಂಟು ಬಿದ್ರೆ ಗೂಡಿಗೆ 400 ರೂಪಾಯಿ ತನಕ ಹೋಗಬಹುದು. ಏಳಾದ್ರೆ 457. ಆರಾದ್ರೆ 533. ಗಮನಿಸಿದ್ಯಾ? ಎಂಟರಿಂದ ಏಳಕ್ಕೆ ಇಳಿದಾಗ ಏರಿದ್ದು 57, ಏಳರಿಂದ ಆರಕ್ಕೆ ಇಳಿದಾಗ 76. ನಾನು ಗೆರೆ ನೆಟ್ಟಗೆ ಬರುತ್ತೆ ಅಂದ್ಕೊಂಡಿದ್ದೆ. ಕ್ಯಾಲ್ಕುಲೇಟರಿಗೆ ಹಾಕಿದ್ರೆ ಕೊಡೆಯ ಹಿಡಿ ಥರ ಬಗ್ಗಿಕೊಂಡು ಬಂತು. ರೆಂಡಿಟ್ಟ ಕೆಳಗೆ ಇದೆಯಲ್ಲ, ಭಾಗಾಕಾರದ ಕೆಳಗೆ, ಅದಕ್ಕೆ.

ಇನ್ನೊಂದು ಹಾಕಿ ನೋಡಿದೆ. ಗೂಡು ನೋಡಿ ಏಳು ಬೀಳುತ್ತೆ ಅಂತ 457ಕ್ಕೆ ಕೂಗಿ, ಬಿಚ್ಚಿದಾಗ ಎಂಟು ಬಿದ್ರೆ? ಎಂಟು ಇಂಟು 457, 3656, ಖರ್ಚು ಸೇರಿ 4456. ನೂಲು ಬರೋದು ನಾಲ್ಕು ಸಾವಿರ. ಕೇಜಿಗೆ 456 ರೂಪಾಯಿ ಕೈಯಿಂದ ಹೋಯ್ತು. ಚಿಕ್ಕೋಳಿದ್ದಾಗ ನಿನ್ನ ಜೊತೆ ಮಾರ್ಕೆಟ್ಟಿಗೆ ಬಂದಾಗ ನೋಡ್ತಿದ್ದೆ. ಲಾಟಿನ ಮೇಲಿನ ಗೂಡು ಬಿಟ್ಟು, ಮೊಣಕೈ ತನಕ ಕೈ ಒಳಗೆ ಹಾಕಿ, ಅಡಿಯಿಂದ ಒಂದು ಹಿಡಿ ತೆಗೀತಿದ್ದೆ. ಹೆಬ್ಬೆರಳಲ್ಲಿ ಅಮುಕ್ತಿದ್ದೆ, ಕಿವಿ ಹತ್ರ ಅಲ್ಲಾಡಿಸ್ತಿದ್ದೆ, ಒಳಗೆ ಹುಳ ಲಟಲಟ ಅನ್ನುತ್ತೋ ಇಲ್ವೋ ಅಂತ. ಆಮೇಲೆ ಬೆಲೆ. ಆ ಒಂದು ಹಿಡೀಲಿ ನೀನು ನೋಡ್ತಿದ್ದಿದ್ದು ‘ರ’. ಅದೊಂದು ತಪ್ಪಿದ ದಿನ ಊಟ ಬೇಡ ಅಂತ ಮಲಗ್ತಿದ್ದೆ. ಈಗ ಅಣ್ಣ ಮೊಬೈಲಲ್ಲಿ ಬೆಲೆ ಒತ್ತುತ್ತಾನೆ, ಕೂಗಾಟ ಇಲ್ಲ. ಕೈ ಮಾತ್ರ ಲಾಟಿನ ಒಳಗೆ ಹಾಕ್ತಾನೆ ತಾನೆ? ಹಾಕೋಕೆ ಹೇಳು.

ಇದನ್ನ ಕರಡು ಬರೆದು ಮೇಡಮ್ಮಿಗೆ ತೋರಿಸಿದೆ. ಎಲ್ಲ ಸಾಲಿಗೂ ಸರಿ ಗುರುತು ಹಾಕಿ, ಕೊನೆಗೆ ಕೆಂಪು ಪೆನ್ನಲ್ಲಿ ಒಂದೇ ಪ್ರಶ್ನೆ ಬರೆದಿದ್ದಾರೆ: “ಎಂಟು ಕೇಜಿ ಗೂಡಿಂದ ಒಂದು ಕೇಜಿ ನೂಲು ಬಂತು, ಸರಿ. ಮಿಕ್ಕ ಏಳು ಕೇಜಿ ಎಲ್ಲಿ ಹೋಯ್ತು?”

ನಾನು ಫಿಲೇಚರ್ ಮನೇಲಿ ಹುಟ್ಟಿ ಬೆಳೆದೋಳು, ನನಗೆ ಹೊಳೆದಿರಲಿಲ್ಲ! ಒಂದಿಷ್ಟು ನೀರಾಗಿ ಹೋಗುತ್ತೆ ನಿಜ. ಹುಳ ಇದೆ. ಎಳೆ ಹಿಡಿಯೋ ಮುಂಚೆ ಸಿಕ್ಕಿಕೊಳ್ಳೋ ಚಿಂದಿ ನೂಲಿದೆ. ಹುಳ ಕೊಳ್ಳೋಕೆ ಗೋಣಿಚೀಲ ತಗೊಂಡು ಬರೋರು ಇದ್ರಲ್ಲ, ಎಣ್ಣೆಗೆ, ಕೋಳಿ-ಮೀನಿನ ಮೇವಿಗೆ ಅಂತ. ಹಿತ್ತಿಲಲ್ಲಿ ಹುಳ ಒಣಗಿಸಿದಾಗ ಬರ್ತಿದ್ದ ವಾಸನೆ ನೆನೆಸ್ಕೊಂಡ್ರೆ ಇಲ್ಲಿ ಕೂತೂ ಮೂಗು ಮುಚ್ಕೋಬೇಕು ಅನ್ನಿಸುತ್ತೆ. ಆ ದುಡ್ಡು ಅಮ್ಮನ ಕೈಗೆ ಹೋಗ್ತಿತ್ತು, ನಿನ್ನ ಬಾಗಿಲ ಹಿಂದಿನ ಲೆಕ್ಕಕ್ಕೆ ಬರ್ತಿರಲಿಲ್ಲ, ಅದಕ್ಕೇ ನನ್ನ ಸಮೀಕರಣಕ್ಕೂ ಬರಲಿಲ್ಲ. ಈಗ ಅದಕ್ಕೆ ‘ಹ’ ಅಂತ ಇಟ್ಟಿದ್ದೀನಿ. ಗ = (ನ + ಹ − ಖ) ÷ ರ. ‘ಹ’ ಇನ್ನೂರು ಸಿಕ್ಕಿದ್ರೂ ಎಂಟರ ರೆಂಡಿಟ್ಟಕ್ಕೆ 400 ಇದ್ದಿದ್ದು 425 ಆಗುತ್ತೆ. ಪೈಪೋಟೀಲಿ ಇಪ್ಪತ್ತೈದು ರೂಪಾಯಿ ಅಂದ್ರೆ ಲಾಟು ಸಿಗೋದಕ್ಕೂ ಬಿಡೋದಕ್ಕೂ ಇರೋ ವ್ಯತ್ಯಾಸ. ಅಷ್ಟು ವರ್ಷ ನಿನಗೆ ಲಾಟು ಸಿಕ್ಕಿದ್ದು ಅಮ್ಮನ ಹುಳದ ದುಡ್ಡಿನ ಧೈರ್ಯದ ಮೇಲೆ ಅಂತ ನಾನು ಬರೆಯಲ್ಲ, ನೀನೇ ಯೋಚನೆ ಮಾಡು.

ಹುಡುಗನಿಗೆ ಒಂದು ಲೆಕ್ಕ ಹೇಳ್ತೀನಿ, ಅವನೂ ಈ ವರ್ಷ ಪಿಯುಸಿ. ಹುಳ ಮೊಟ್ಟೆಯೊಡೆದು ಬಂದಾಗ ಇರೋ ತೂಕ, ಇಪ್ಪತ್ತೈದು ದಿನಕ್ಕೆ ಹಣ್ಣಾಗಿ ಗೂಡು ಕಟ್ಟೋ ಹೊತ್ತಿಗೆ ಹತ್ತಿರ ಹತ್ತಿರ ಹತ್ತು ಸಾವಿರ ಪಟ್ಟು ಆಗುತ್ತೆ. ಎಷ್ಟು ಸಲ ಇಮ್ಮಡಿ ಆಯ್ತು? ಕ್ಯಾಲ್ಕುಲೇಟರಲ್ಲಿ ಒಂದನ್ನ ಇಟ್ಟು ಎರಡರಿಂದ ಗುಣಿಸ್ತಾ ಹೋಗಲಿ. ಹದಿಮೂರನೇ ಸಲ 8192, ಹದಿನಾಲ್ಕನೇ ಸಲ 16384. ಉತ್ತರ ಅವೆರಡರ ಮಧ್ಯೆ. ಲಾಗರಿದಮ್ ಹಾಕಿದ್ರೆ ಒಂದೇ ಏಟಿಗೆ 13.29 ಅಂತ ಬರುತ್ತೆ. ಅಂದ್ರೆ ಎರಡು ದಿನ ತುಂಬೋ ಮುಂಚೆ ತೂಕ ಡಬಲ್. ಜ್ವರಕ್ಕೆ, ಅಂದ್ರೆ ಪೊರೆ ಬಿಡೋಕೆ, ಕೂತಾಗ ಹುಳ ತಿನ್ನಲ್ಲ, ನಾಲ್ಕು ಜ್ವರ ದಾಟಬೇಕು, ಹಾಗಾಗಿ ಇದು ಸರಾಸರಿ ಅಷ್ಟೇ. ನಾಲ್ಕನೇ ಜ್ವರ ಎದ್ದ ಮೇಲೆ ಸೊಪ್ಪು ತಂದು ತಂದು ಚಿಕ್ಕಪ್ಪನ ಬೆನ್ನು ಬೀಳ್ತಿತ್ತಲ್ಲ, ಒಟ್ಟು ಸೊಪ್ಪಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಆ ಕೊನೇ ವಾರದಲ್ಲೇ ಖರ್ಚಾಗೋದು. ಈ ಪಾಠ ನಮಗೆ ಮುಂದಿನ ತಿಂಗಳು, ನಾನು ಮುಂಚೆಯೇ ನೋಡಿಟ್ಟಿದ್ದೀನಿ. ಅವನಿಗೆ ಕ್ಲಾಸಲ್ಲಿ ಯಾವುದಾದ್ರೂ ಇಂಗ್ಲಿಷ್ ಪದ ತಿಳೀದಿದ್ರೆ ನನಗೆ ವಾಟ್ಸಾಪ್ ಮಾಡೋಕೆ ಹೇಳು. ರಾತ್ರಿ ಎಷ್ಟು ಹೊತ್ತಾದ್ರೂ ಸರಿ, ಅಲ್ಲಿ ರಾತ್ರಿ ಅಂದ್ರೆ ಇಲ್ಲಿ ಹಗಲು.

ಎರಡನೇ ಟೆಸ್ಟು ಹತ್ತು ದಿನದ ಹಿಂದೆ ಆಯ್ತು. ಎಪ್ಪತ್ತೊಂದು. ಎಪ್ಪತ್ತು ಬಂದ್ರೆ ‘ಸಿ’, ಎಕ್ಸ್-ರೇ ಕೋರ್ಸಿಗೆ ಅಷ್ಟು ಸಾಲದು, ಪೈಪೋಟಿ ಇದೆ. ಇನ್ನೂ ಎರಡು ಟೆಸ್ಟು, ಡಿಸೆಂಬರಿನಲ್ಲಿ ಕೊನೇ ಪರೀಕ್ಷೆ. ಅದಕ್ಕೆ ಹೋಗ್ತೀನಿ. ಇಲ್ಲಿ ಕೈವಾರದ ಬಸ್ಸೂ ಇಲ್ಲ.

ಕೆರೆಗೆ ನೀರು ಬಂದಿದೆ ಅಂತ ಅಮ್ಮ ಹೇಳಿದ್ಳು, ಫೋಟೋ ಕಳಿಸೋಕೆ ಹೇಳು. ಅತ್ತಿಗೆಗೆ ಹುರಿಗಾಳಿನ ಪುಡಿ ಮುಗೀತು ಅಂತ ತಿಳಿಸು, ಡಿಸೆಂಬರಿಗೆ ಇವರ ಸ್ನೇಹಿತರೊಬ್ಬರು ಊರಿಗೆ ಬರ್ತಿದ್ದಾರೆ, ಅವರ ಕೈಲಿ ಕಳಿಸಬಹುದು. ನಿನ್ನ ಬಿಪಿ ಮಾತ್ರೆ ಬೆಳಿಗ್ಗೆ ತಿಂಡಿ ಆದ ಮೇಲೇ ತಗೋ, ಕಾಫಿ ಜೊತೆ ನುಂಗಬೇಡ.

ಈ ಕಾಗದ ತಲುಪೋಕೆ ಎರಡು ಮೂರು ವಾರ ಹಿಡಿಯುತ್ತೆ, ಹೆಚ್ಚುಕಮ್ಮಿ ದೀಪಾವಳಿ ಹೊತ್ತಿಗೆ ಸಿಗುತ್ತೆ. ಬಂದ ತಕ್ಷಣ ಒಂದು ಕೆಲಸ ಮಾಡು. ಒಂದು ಕೇಜಿ ನೂಲು ಬಿಚ್ಚಿದ್ರೆ ಹುಳ ಎಷ್ಟು ಕೇಜಿ ಬೀಳುತ್ತೆ, ಹಸಿದಕ್ಕೆ ಎಷ್ಟು ಕೊಡ್ತಾರೆ, ಒಣಗಿಸಿದ್ರೆ ಎಷ್ಟು, ಚಿಂದಿ ನೂಲಿಗೆ ಎಷ್ಟು, ಬರೆದಿಡು. ಅಮ್ಮನ್ನ ಕೇಳು, ಅವಳಿಗೇ ಸರಿಯಾಗಿ ಗೊತ್ತಿರೋದು. ಭಾನುವಾರ ಫೋನ್ ಮಾಡಿದಾಗ ಅಂಕಿ ಹೇಳಬೇಕು. ಎಷ್ಟೋ ಅಷ್ಟು ಅಂತ ಹೇಳಿದ್ರೆ ಈ ಸಲ ನಡೆಯಲ್ಲ.

ಇಂತಿ ನಿನ್ನ ಪ್ರೀತಿಯ
ಮಗಳು